ಹೊಸ ಹಲಗೆ, ಹಳೆಯ ಸಂಖ್ಯೆ

ಇದ್ದ ವಸ್ತು ಇದ್ದಲ್ಲಿಯೇ ಇದ್ದು ಲೆಕ್ಕದಲ್ಲಿ ಮಾತ್ರ ಕಾಣೆಯಾಗುವುದುಂಟೆ? ಉಂಟೆಂಬುದನ್ನು 2025ರ ಬೇಸಿಗೆಯಲ್ಲಿ ನಾನು ಕಣ್ಣಾರೆ ಕಂಡೆ. ಟಿ.ಬಿ. ಡ್ಯಾಂನಲ್ಲಿ ನಾವು ಕೆಲವು ಮಂದಿ ನಿವೃತ್ತರು ನೋಡಿಕೊಂಡು ಬರುತ್ತಿರುವ ಸಣ್ಣ ವಾಚನಾಲಯವೊಂದಿದೆ. ಅದಕ್ಕೆ ಸಂಸ್ಥೆಯೊಂದು ಐದು ಲ್ಯಾಪ್‌ಟಾಪ್‌ಗಳನ್ನು ದಾನವಾಗಿ ಕೊಟ್ಟಿತ್ತು. ಕೊಟ್ಟವರು ವರ್ಷಕ್ಕೊಮ್ಮೆ ಬಂದು, ಕೊಟ್ಟದ್ದು ಇದೆಯೇ ಇಲ್ಲವೇ ಎಂದು ಎಣಿಸಿಕೊಂಡು ಹೋಗುವುದು ವಾಡಿಕೆ. ಆ ವರ್ಷ ಬಂದ ಪರಿಶೀಲಕರು ನಮ್ಮಂತೆ ಬೆರಳೆಣಿಸುವವರಾಗಿರಲಿಲ್ಲ. ಒಂದು ಪೆನ್‌ಡ್ರೈವನ್ನು ಐದು ಯಂತ್ರಗಳಿಗೂ ಒಂದಾದ ಮೇಲೊಂದರಂತೆ ಸಿಕ್ಕಿಸಿ, ಪ್ರತಿಯೊಂದರ ಒಡಲಿನಲ್ಲಿ ಬರೆದಿರುವ ಕ್ರಮಸಂಖ್ಯೆಯನ್ನು, ಎಂದರೆ ನಾವೆಲ್ಲ ಸೀರಿಯಲ್ ನಂಬರು ಎಂದು ಕರೆಯುವುದನ್ನು, ಓದಿಸಿ ಪಟ್ಟಿ ಮಾಡಿದರು. ಮೇಜಿನ ಮೇಲೆ ಯಂತ್ರಗಳು ಐದೇ ಇದ್ದವು. ಪಟ್ಟಿಯಲ್ಲಿ ನಾಲ್ಕಕ್ಕೆ ಮಾತ್ರ ಸಂಖ್ಯೆಯಿತ್ತು. ಐದನೆಯದರ ಮುಂದೆ ಸಂಖ್ಯೆಯ ಬದಲು ಒಂದು ಅರ್ಥವಿಲ್ಲದ ಇಂಗ್ಲಿಷ್ ಒಕ್ಕಣೆ ಬಂದಿತ್ತು. ಅತ್ತ ಖರೀದಿಯ ಬಿಲ್ಲಿನಲ್ಲಿದ್ದ ಒಂದು ಸಂಖ್ಯೆಗೆ ಯಂತ್ರವೇ ಇರಲಿಲ್ಲ. “ಒಂದು ಯಂತ್ರ ಕಾಣೆ, ಅದರ ಸ್ಥಾನದಲ್ಲಿ ಗುರುತಿಲ್ಲದ ಯಂತ್ರ” ಎಂದು ಅವರು ವರದಿಯಲ್ಲಿ ಬರೆದರು.

ಬರೆದದ್ದು ಒಂದೇ ಸಾಲು. ಆದರೆ ಅದರ ಭಾರ ಬಿದ್ದುದು ವಾಚನಾಲಯದ ಬಾಗಿಲು ತೆಗೆದು ಹಾಕುವ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ತರುಣನ ಮೇಲೆ. ಬೀಗದ ಕೈ ಇರುವುದು ಅವನಲ್ಲಿ. ಒಳ್ಳೆಯ ಯಂತ್ರವನ್ನು ಮಾರಿಕೊಂಡು ಎಲ್ಲಿಯದೋ ಒಂದನ್ನು ತಂದಿಟ್ಟಿದ್ದಾನೆ ಎಂದು ಆ ಸಾಲು ಹೇಳದೆಯೇ ಹೇಳಿತು. ಒಂದು ಲ್ಯಾಪ್‌ಟಾಪಿನ ಬೆಲೆಯೆಂದರೆ ಅವನ ಹಲವು ತಿಂಗಳ ಸಂಬಳ. “ಇಲ್ಲೇ ಐತಲ್ಲ ಸರ್, ಎಲ್ಲಿ ಹೋಗೈತಿ? ದಿನಾ ನಾನೇ ಒರೆಸಿ ಇಡ್ತೀನಿ” ಎಂದು ಅವನು ಯಂತ್ರದ ಮೇಲೆ ಕೈಯಿಟ್ಟು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ಕನ್ನಡ ಎಂ.ಎ. ಓದಿದವನು, ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಒಬ್ಬನ ಮರ್ಯಾದೆಯ ಪ್ರಶ್ನೆಯಾದುದರಿಂದ, ಈ ಸಂಖ್ಯೆ ಎಲ್ಲಿರುತ್ತದೆ, ಏಕೆ ಅಳಿಯುತ್ತದೆ, ಮತ್ತೆ ಬರೆಯುವುದು ಸರಿಯೇ ತಪ್ಪೇ ಎಂಬುದನ್ನು ತಿಳಿದವರಿಂದ ಕೇಳಿ ಅರಿಯಬೇಕಾಯಿತು. ಅರಿತುದನ್ನು ತಮ್ಮೊಡನೆ ಹಂಚಿಕೊಳ್ಳುವುದಷ್ಟೇ ಈ ಭಾಷಣದ ಉದ್ದೇಶ.

ಕಂಪ್ಯೂಟರಿನ ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ನಮಗೆ ಪರಿಚಿತವಾದ ವಿಂಡೋಸ್ ಅಲ್ಲ. ಒಳಗಿನ ದೊಡ್ಡ ಹಲಗೆಯ ಮೇಲೆ, ಎಂದರೆ ಮದರ್‌ಬೋರ್ಡಿನ ಮೇಲೆ, ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ ಇರುತ್ತದೆ. ವಿದ್ಯುತ್ತು ಹೋದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ. ಮೊದಲು ಓದಬೇಕಾದ ಸೂಚನೆಗಳೆಲ್ಲ ಅಲ್ಲಿವೆ: ಕೀಲಿಮಣೆ ಇದೆಯೇ, ಪರದೆ ಇದೆಯೇ, ನೆನಪಿನ ಬಿಲ್ಲೆ ಸರಿಯಾಗಿದೆಯೇ ಎಂದು ನೋಡಿಕೊಂಡು, ಅನಂತರ ಡಿಸ್ಕಿನಲ್ಲಿ ಮಲಗಿರುವ ವಿಂಡೋಸನ್ನು ಎಬ್ಬಿಸುವುದು ಆ ಸೂಚನೆಗಳ ಕೆಲಸ. ಇದಕ್ಕೆ ಬಯಾಸ್ ಎಂದು ಹೆಸರು. ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವನು ಅಮೆರಿಕದ ಗ್ಯಾರಿ ಕಿಲ್ಡಾಲ್. ಮನೆಮಾತಾದುದು 1981ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಬಂದ ಮೇಲೆ. ಇಂದಿನ ಯಂತ್ರಗಳಲ್ಲಿ ಆ ಜಾಗಕ್ಕೆ ಯುಇಎಫ್‌ಐ ಎಂಬ ಹೊಸ ವ್ಯವಸ್ಥೆ ಬಂದಿದೆಯಾದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ.

ಇದೇ ಚಿಪ್ಪಿನ ಒಂದು ಮೂಲೆಯಲ್ಲಿ ಯಂತ್ರದ ಜಾತಕವೂ ಇರುತ್ತದೆ. ತಯಾರಿಸಿದವರು ಯಾರು, ಮಾದರಿ ಯಾವುದು, ಕ್ರಮಸಂಖ್ಯೆ ಏನು ಎಂಬುದನ್ನು ಒಂದು ಗೊತ್ತಾದ ಕೋಷ್ಟಕದಲ್ಲಿ ಬರೆದಿಡುತ್ತಾರೆ. ಈ ಕೋಷ್ಟಕದ ಕಟ್ಟುಪಾಡಿಗೆ ಎಸ್‌ಎಂಬಯಾಸ್ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ರೀತಿಯಲ್ಲಿ ಓದಲು ಸಾಧ್ಯವಾಗಲೆಂದು ಎಲ್ಲರೂ ಒಪ್ಪಿ ಅನುಸರಿಸುವ ನಿಯಮ ಇದು. ಪರಿಶೀಲಕರ ಪೆನ್‌ಡ್ರೈವು ಓದಿದ್ದು ಈ ಕೋಷ್ಟಕವನ್ನೇ. ಯಂತ್ರದ ತಳಭಾಗಕ್ಕೆ ಅಂಟಿಸಿರುವ ಚೀಟಿಯಲ್ಲಿಯೂ ಅದೇ ಸಂಖ್ಯೆ ಇರುತ್ತದೆ. ಚೀಟಿ ಮನುಷ್ಯರ ಕಣ್ಣಿಗೆ, ಚಿಪ್ಪು ಯಂತ್ರಗಳ ಕಣ್ಣಿಗೆ. ಕಾರ್ಖಾನೆಯಿಂದ ಹೊರಡುವಾಗ ಎರಡೂ ಒಂದನ್ನೇ ಹೇಳುತ್ತಿರುತ್ತವೆ.

ನಮ್ಮ ಯಂತ್ರಕ್ಕೆ ಒದಗಿದ್ದು ಇಷ್ಟೆ. ಆ ವರ್ಷದ ಏಪ್ರಿಲ್ ತಿಂಗಳಿನ ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಬಂದಿತು. ಚಾರ್ಜಿಗೆ ಹಾಕಿದ್ದ ಒಂದು ಲ್ಯಾಪ್‌ಟಾಪ್ ಮರುದಿನ ಏಳಲಿಲ್ಲ. ಗ್ಯಾರಂಟಿಯ ಅವಧಿ ಇನ್ನೂ ಇದ್ದುದರಿಂದ ರಿಪೇರಿಯವರು ಬಂದು ಮದರ್‌ಬೋರ್ಡನ್ನೇ ಬದಲಾಯಿಸಿ ಹೋದರು. ಪರದೆ ಬೆಳಗಿತು; ಎಲ್ಲರೂ ಸಂತೋಷಪಟ್ಟೆವು. ಸುಟ್ಟ ಹಲಗೆಯೊಡನೆ ಅದರ ಮೇಲಿದ್ದ ಚಿಪ್ಪೂ, ಚಿಪ್ಪಿನಲ್ಲಿದ್ದ ಜಾತಕವೂ ಹೊರಟುಹೋದುವೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಬಿಡಿಭಾಗವಾಗಿ ಬರುವ ಹಲಗೆಗೆ ತಾನು ಯಾವ ಯಂತ್ರದ ಒಡಲನ್ನು ಸೇರುವೆನೆಂಬುದು ತಿಳಿದಿರುವುದಿಲ್ಲ. ಆದ್ದರಿಂದ ಸಂಖ್ಯೆಯ ಜಾಗವನ್ನು ಬರಿದಾಗಿ ಬಿಟ್ಟಿರುತ್ತಾರೆ, ಇಲ್ಲವೆ “ಟು ಬಿ ಫಿಲ್ಡ್ ಬೈ ಓ.ಇ.ಎಂ.” ಎಂದೋ, “ಡೀಫಾಲ್ಟ್ ಸ್ಟ್ರಿಂಗ್” ಎಂದೋ ಬರೆದಿರುತ್ತಾರೆ. ತಯಾರಕರು ಇಲ್ಲಿ ತುಂಬತಕ್ಕದ್ದು ಎಂಬುದು ಮೊದಲನೆಯದರ ತಾತ್ಪರ್ಯ. ಸರ್ಕಾರಿ ಅರ್ಜಿಯ ಖಾಲಿ ಗೆರೆಯ ಕೆಳಗೆ “ಹೆಸರು” ಎಂದು ಅಚ್ಚುಹಾಕಿರುವಂತೆ. ತುಂಬಬೇಕಾದವರು ತುಂಬದೆ ಹೋದರೆ, ಯಂತ್ರವು ಯಾರು ಕೇಳಿದರೂ ಆ ಅಚ್ಚಿನ ಮಾತನ್ನೇ ತನ್ನ ಹೆಸರೆಂದು ಹೇಳುತ್ತಿರುತ್ತದೆ. ನೂರಾರು ಯಂತ್ರಗಳಿರುವ ಕಚೇರಿಯಲ್ಲಿ ಇಂತಹ ಎರಡು ಯಂತ್ರಗಳಿದ್ದರೆ, ಎರಡಕ್ಕೂ ಒಂದೇ ಉತ್ತರವಿರುವುದರಿಂದ ಲೆಕ್ಕದ ತಂತ್ರಾಂಶವು ಅವನ್ನು ಒಂದೇ ಎಂದು ಎಣಿಸುವುದೂ ಉಂಟು.

ಹಾಗಾದರೆ ಹೊಸ ಹಲಗೆಯ ಮೇಲೆ ಹಳೆಯ ಸಂಖ್ಯೆಯನ್ನು ಬರೆಯುವುದು ನ್ಯಾಯವೇ? ಹಲಗೆ ಹೊಸದು, ಅದು ಸುಟ್ಟ ಹಲಗೆಯಲ್ಲ. ಇಲ್ಲದ ಹೆಸರನ್ನು ಇದ್ದಂತೆ ಬರೆಯುವುದು ಸುಳ್ಳಾಗದೆ? ಈ ಸಂದೇಹ ನನಗೂ ಬಂದಿತು. ಅದನ್ನು ಪರಿಹರಿಸಿದ್ದು ಯಾವ ಗ್ರಂಥವೂ ಅಲ್ಲ. ನಮ್ಮ ಊರಿನ ಅಣೆಕಟ್ಟು.

2024ರ ಆಗಸ್ಟ್ 10ರ ರಾತ್ರಿಯನ್ನು ಈ ಸೀಮೆಯವರು ಮರೆಯುವಂತಿಲ್ಲ. ಜಲಾಶಯ ತುಂಬಿ ನಿಂತಿತ್ತು. ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯ ಗೇಟಿನ ಸರಪಳಿ ಕಡಿದು, ಗೇಟು ನೀರಿನೊಡನೆ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ಹೊರಬಿಡಬೇಕಾಯಿತು. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ರೈತರೂ, ಆಚೆಯ ಆಂಧ್ರ ತೆಲಂಗಾಣಗಳ ರೈತರೂ, ತಮ್ಮ ಒಂದು ವರ್ಷದ ಅನ್ನ ಹರಿದುಹೋಗುವುದನ್ನು ನೋಡುತ್ತ ಕುಳಿತರು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ, ಆಗಸ್ಟ್ 16ರಂದು ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಯ ಮೊದಲ ತುಂಡನ್ನು ಇಳಿಸಿದರು. ಮರುದಿನದ ವೇಳೆಗೆ ಐದು ತುಂಡುಗಳೂ ಕುಳಿತು ನೀರು ನಿಂತಿತು.

ಈಗ ಯೋಚಿಸಿ. ಕೊಚ್ಚಿಹೋದುದು 19ನೆಯ ಗೇಟು. ಅದು ಹೋದ ಮೇಲೆ 19 ಎಂಬ ಸಂಖ್ಯೆಯೂ ಹೋಯಿತೆ? ಇಲ್ಲ. ಗೇಟುಗಳು 32 ಆದುವೆಂದು ಯಾರೂ ಎಣಿಸಲಿಲ್ಲ. 20ನೆಯದನ್ನು ಮುಂದಕ್ಕೆ ಸರಿಸಿ 19 ಎಂದು ಕರೆಯಲಿಲ್ಲ. ಗೇಟಿಲ್ಲದ ಆ ದಿನಗಳಲ್ಲಿಯೂ ಪತ್ರಿಕೆಗಳು, ಅಧಿಕಾರಿಗಳು, ರೈತರು ಎಲ್ಲರೂ ಹೇಳುತ್ತಿದ್ದುದು 19ನೆಯ ಗೇಟೆಂದೇ. ಗೇಟಿನ ರೂಪವೇ ಇಲ್ಲದ ಐದು ಉಕ್ಕಿನ ತುಂಡುಗಳು ಬಂದು ಕುಳಿತಾಗ ಅವು ನಿಂತದ್ದೂ 19ನೆಯ ಸ್ಥಾನದಲ್ಲಿಯೇ. ಎಂದರೆ ಆ ಸಂಖ್ಯೆ ಸೇರಿದ್ದು ಬಾಗಿಲಿಗಲ್ಲ, ಎರಡು ಕಂಬಗಳ ನಡುವಣ ಕಿಂಡಿಗೆ. ಇನ್ನೂ ಸರಿಯಾಗಿ ಹೇಳುವುದಾದರೆ, ಅಣೆಕಟ್ಟಿನ ಇಡೀ ಕಟ್ಟಡದಲ್ಲಿ ಆ ಕಿಂಡಿಗಿರುವ ಸ್ಥಾನಕ್ಕೆ. ಅಣೆಕಟ್ಟಿನ ಸುರಕ್ಷತೆಯನ್ನು ನೋಡಿದ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಾಯಿಸುವುದು ಲೇಸೆಂದು ಅಭಿಪ್ರಾಯಪಟ್ಟಿತು. ಎಲ್ಲವನ್ನೂ ಬದಲಾಯಿಸಿದರೂ 1ರಿಂದ 33ರವರೆಗಿನ ಸಂಖ್ಯೆಗಳು ತಮ್ಮ ತಮ್ಮ ಕಿಂಡಿಗಳಲ್ಲಿಯೇ ಉಳಿಯುತ್ತವೆ. ಹಾಗೆಂದು ಹೊಸ ಗೇಟು ಹಳೆಯ ಗೇಟೆಂದು ಯಾರೂ ಹೇಳುವುದಿಲ್ಲ. ಅದು ಎಂದು ತಯಾರಾಯಿತು, ಎಂದು ಕುಳಿತಿತು ಎಂಬುದು ಬೇರೆ ಪುಸ್ತಕದಲ್ಲಿ ದಾಖಲಾಗಬೇಕು.

ಕಂಪ್ಯೂಟರಿನ ಕೋಷ್ಟಕವನ್ನು ರಚಿಸಿದವರೂ ಈ ಭೇದವನ್ನು ಚೆನ್ನಾಗಿ ಬಲ್ಲರು. ಅದರಲ್ಲಿ ಕ್ರಮಸಂಖ್ಯೆಗೆ ಒಂದೇ ಜಾಗವಿಲ್ಲ. ಮುಖ್ಯವಾಗಿ ಮೂರು ಜಾಗಗಳಿವೆ. ಇಡೀ ಯಂತ್ರದ ಸಂಖ್ಯೆ ಒಂದು, ಮದರ್‌ಬೋರ್ಡಿನ ಸಂಖ್ಯೆ ಮತ್ತೊಂದು, ಹೊರಗಿನ ಪೆಟ್ಟಿಗೆಯ ಸಂಖ್ಯೆ ಇನ್ನೊಂದು. ಹಲಗೆಯನ್ನು ಬದಲಾಯಿಸಿದಾಗ ಹೊಸ ಹಲಗೆ ತನ್ನದೇ ಸಂಖ್ಯೆಯೊಡನೆ ಬರುತ್ತದೆ, ಅದನ್ನು ಮುಟ್ಟಕೂಡದು. ಮರಳಿ ಬರೆಯಬೇಕಾದುದು ಇಡೀ ಯಂತ್ರದ ಸಂಖ್ಯೆಯನ್ನು ಮಾತ್ರ. ಹೀಗೆ ಬರೆದಾಗ ಸುಳ್ಳೆಂಬುದು ಎಲ್ಲಿಯೂ ಇರುವುದಿಲ್ಲ. ಯಂತ್ರ ಹಳೆಯದು, ಅದರ ಸಂಖ್ಯೆ ಹಳೆಯದು. ಹಲಗೆ ಹೊಸದು, ಅದರ ಸಂಖ್ಯೆ ಹೊಸದು. ಕೋಷ್ಟಕವನ್ನು ಪೂರ್ತಿಯಾಗಿ ಓದಿದವನಿಗೆ ಈ ಒಡಲಿನಲ್ಲಿ ಒಂದು ಅಂಗ ಬದಲಾಗಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಇಷ್ಟು ತಿಳಿದ ಮೇಲೆ ನಾವು ಮಾಡಿದ ಮೊದಲ ಕೆಲಸ, ಯಂತ್ರವನ್ನು ಮಗುಚಿ ತಳದ ಚೀಟಿಯನ್ನು ನೋಡಿದ್ದು. ಅಲ್ಲಿ ಇನ್ನೊಂದು ತೊಡಕು ಕಾದಿತ್ತು. ಬಿಸಿಗೂ ಕೈಬೆವರಿಗೂ ಚೀಟಿ ಸವೆದು, ಹತ್ತು ಅಂಕಾಕ್ಷರಗಳಲ್ಲಿ ಕೊನೆಯ ಮೂರು ಅಳಿಸಿಹೋಗಿದ್ದವು. ಪರಿಶೀಲಕರು ಚೀಟಿಯನ್ನು ನಂಬದೆ ಹೋದುದಕ್ಕೆ ಇದೂ ಒಂದು ಕಾರಣ. ಇಲ್ಲಿಗೆ ಬಂದಾಗ ಮಾತ್ರ ವಿಷಯ ನನ್ನ ಪರಿಚಯದ ನೆಲಕ್ಕೆ ಬಂದಂತಾಯಿತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ, ಓಲೆ ಮುರಿದುಹೋದ ಕಡೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ: ಊಹಿಸಿ ತುಂಬಬಾರದು, ಬೇರೆ ಪ್ರತಿಗಳನ್ನು ಹುಡುಕಬೇಕು. ನಮಗೆ ದೊರೆತ ಪ್ರತಿಗಳು ಮೂರು. ಖರೀದಿಯ ಬಿಲ್ಲು ಒಂದು, ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆ ಒಂದು, ನಮ್ಮ ದಾಸ್ತಾನು ವಹಿ ಒಂದು. ಬಿಲ್ಲೂ ಪೆಟ್ಟಿಗೆಯೂ ಒಂದನ್ನೇ ಹೇಳಿದುವು. ದಾಸ್ತಾನು ವಹಿ ಬೇರೆ ಹೇಳಿತು: ಎಂಟನೆಯ ಸ್ಥಾನದಲ್ಲಿ ಅವೆರಡರಲ್ಲಿ ಸೊನ್ನೆ ಇದ್ದರೆ, ಇದರಲ್ಲಿ ‘ಓ’ ಎಂಬ ಇಂಗ್ಲಿಷ್ ಅಕ್ಷರ. ವಹಿಯನ್ನು ಕೈಯಲ್ಲಿ ಬರೆದವನು ನಾನೇ. ಲಿಪಿಕಾರನ ಕೈತಪ್ಪೆಂದು ಪಾಠ ಹೇಳುತ್ತ ಬಂದವನು ಅದೇ ತಪ್ಪನ್ನು ಮಾಡಿದ್ದೆ.

ಈ ಗೊಂದಲ ನಮ್ಮೊಬ್ಬರದೇ ಅಲ್ಲ. ವಾಹನಗಳ ಚಾಸಿಯ ಮೇಲೆ ಕೊರೆಯುವ 17 ಅಂಕಾಕ್ಷರಗಳ ಸಂಖ್ಯೆಯಲ್ಲಿ, ಒಂದು ಮತ್ತು ಸೊನ್ನೆಗಳೊಡನೆ ಬೆರೆತುಹೋಗಬಾರದೆಂದು, ‘ಐ’, ‘ಓ’, ‘ಕ್ಯೂ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವಂತೆಯೇ ಇಲ್ಲವೆಂದು ಅಂತರರಾಷ್ಟ್ರೀಯ ನಿಯಮವಿದೆ. ಕಂಪ್ಯೂಟರುಗಳ ವಿಷಯದಲ್ಲಿ ಅಂತಹ ಸರ್ವಸಮ್ಮತ ನಿಯಮವಿಲ್ಲದುದರಿಂದ, ಸಂದೇಹ ಬಂದಲ್ಲಿ ತಯಾರಕರ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಬೇಕು. ಸರಿಯಾದ ಸಂಖ್ಯೆಯಾದರೆ ಮಾದರಿಯ ಹೆಸರೂ ಗ್ಯಾರಂಟಿಯ ಅವಧಿಯೂ ಕಾಣಿಸುತ್ತವೆ. ಸೊನ್ನೆಯಿದ್ದ ಪಾಠಕ್ಕೆ ನಮ್ಮ ಯಂತ್ರದ ವಿವರ ಬಂದಿತು. ‘ಓ’ ಇದ್ದ ಪಾಠಕ್ಕೆ ಇಂತಹ ಯಂತ್ರವಿಲ್ಲವೆಂಬ ಉತ್ತರ ಬಂದಿತು.

ಪಾಠ ನಿರ್ಣಯವಾದ ಮೇಲೆ ಬರೆಯುವ ಕೆಲಸ. ಇದನ್ನು ನಾವೇ ಮಾಡಿಕೊಳ್ಳಬಹುದೇ ಎಂದರೆ, ಅದು ಯಂತ್ರದ ಮೇಲೆ ಹೋಗುತ್ತದೆ. ಕೆಲವು ಕಂಪನಿಗಳ ಯಂತ್ರಗಳು ಹೊಸ ಹಲಗೆಯೊಡನೆ ಮೊದಲ ಸಲ ಎದ್ದಾಗ, ಸಂಖ್ಯೆಯನ್ನು ತುಂಬಿರೆಂದು ತಾವೇ ಕೇಳುತ್ತವೆ. ಕಚೇರಿಗಳಿಗೆಂದು ಮಾಡಿದ ಕೆಲವು ಯಂತ್ರಗಳಲ್ಲಿ, ಏಳುವ ಸಮಯದಲ್ಲಿ ಒಂದು ಕೀಲಿಯನ್ನು ಒತ್ತಿದರೆ ತೆರೆಯುವ ಬಯಾಸ್ ಪುಟದಲ್ಲಿಯೇ ಆ ಜಾಗವಿರುತ್ತದೆ. ಉಳಿದ ಬಹುಪಾಲಿನಲ್ಲಿ ತಯಾರಕರು ತಮ್ಮ ಸೇವಾಕೇಂದ್ರದವರಿಗೆ ಮಾತ್ರ ಕೊಟ್ಟಿರುವ ಒಂದು ಉಪಕರಣ ತಂತ್ರಾಂಶ ಬೇಕು. ಸಾಮಾನ್ಯವಾಗಿ ಜಾಗ ಬರಿದಾಗಿರುವಾಗ ಮಾತ್ರ ಬರೆಯಲು ಆಸ್ಪದವಿರುತ್ತದೆ. ಒಮ್ಮೆ ಬರೆದು ಮುದ್ರೆಯೊತ್ತಿದ ಮೇಲೆ ತಿದ್ದುವಂತಿಲ್ಲ. ತಪ್ಪು ಬರೆದರೆ ಕೆಲವು ಯಂತ್ರಗಳಲ್ಲಿ ಮತ್ತೊಂದು ಹಲಗೆಯನ್ನೇ ತರಿಸಬೇಕಾಗುವುದು. ಬರೆಯುತ್ತಿರುವ ಕ್ಷಣದಲ್ಲಿ ಕರೆಂಟು ಹೋದರೆ ಚಿಪ್ಪಿನ ಬರಹವೇ ಕೆಟ್ಟು ಯಂತ್ರ ಏಳದೆ ಹೋಗುವ ಅಪಾಯವೂ ಇದೆ. ಆದ್ದರಿಂದ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಸಿಕ್ಕಿಸಿರಬೇಕು.

ರಿಪೇರಿಯವರನ್ನು ಮತ್ತೆ ಕರೆಸಿದೆವು. ಹುಡುಗನೊಬ್ಬ ಬಂದು ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದ. ಕಪ್ಪು ಪರದೆಯ ಮೇಲೆ ಬಿಳಿಯ ಒಂದು ಸಾಲು ಕಾಣಿಸಿಕೊಂಡಿತು. ನಾನು ಒಂದೊಂದೇ ಅಕ್ಷರವನ್ನು ಓದಿ ಹೇಳಿದೆ, ಅವನು ಒತ್ತಿದ. ಅವನು ಪರದೆಯಿಂದ ಓದಿ ಹೇಳಿದ, ನಮ್ಮ ವಾಚನಾಲಯದ ತರುಣ ಬಿಲ್ಲಿನೊಡನೆ ಹೋಲಿಸಿದ. ಹೀಗೆ ಎರಡು ಸಲ ಒಪ್ಪಿಸಿಕೊಂಡ ಮೇಲೆ ಮುದ್ರೆ ಬಿದ್ದಿತು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಹಲಗೆ ಹಾಕಿದ ದಿನವೇ ಈ ಹತ್ತು ನಿಮಿಷವನ್ನು ವ್ಯಯಿಸಿದ್ದರೆ, ಒಬ್ಬ ಪ್ರಾಮಾಣಿಕನು ಒಂದು ತಿಂಗಳು ನಿದ್ದೆಗೆಡಬೇಕಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ. ಬರೆಯಲು ಬರುವುದಾದರೆ ಬೇರೆ ಸಂಖ್ಯೆಯನ್ನೂ ಬರೆಯಬಹುದಲ್ಲ? ಬರೆಯುವವರಿದ್ದಾರೆ. ಗ್ಯಾರಂಟಿ ಮುಗಿದ ಯಂತ್ರಕ್ಕೆ ಗ್ಯಾರಂಟಿ ಇರುವ ಯಂತ್ರದ ಸಂಖ್ಯೆಯನ್ನು ಹಾಕುವುದು, ಕದ್ದ ಯಂತ್ರದ ಗುರುತನ್ನು ಮರೆಸುವುದು, ಒಂದು ಯಂತ್ರಕ್ಕೆಂದು ಕೊಂಡ ತಂತ್ರಾಂಶದ ಪರವಾನಗಿಯನ್ನು ಹತ್ತು ಯಂತ್ರಗಳಲ್ಲಿ ನಡೆಸುವುದು, ಇವೆಲ್ಲ ಇದೇ ವಿದ್ಯೆಯ ವಕ್ರಪ್ರಯೋಗಗಳು. ಸೇವಾಕೇಂದ್ರಗಳಿಂದ ಸೋರಿ ಹೊರಬಂದ ಉಪಕರಣಗಳೆಂದು ಅಪರಿಚಿತರು ಹಂಚುವ ತಂತ್ರಾಂಶಗಳಿಗೆ ಕೈಹಾಕುವುದು ಪ್ರಾಮಾಣಿಕ ಉದ್ದೇಶಕ್ಕೂ ಕ್ಷೇಮವಲ್ಲ. ಬಯಾಸ್ ಚಿಪ್ಪಿನವರೆಗೆ ಕೈಚಾಚಬಲ್ಲ ತಂತ್ರಾಂಶ ಒಳಗೆ ಮತ್ತೇನನ್ನು ಇಟ್ಟುಹೋಗುತ್ತದೆಂದು ಹೇಳಬಲ್ಲವರಾರು? ಮೊಬೈಲಿನ 15 ಅಂಕಿಗಳ ಐಎಂಇಐ ಸಂಖ್ಯೆಯ ವಿಷಯದಲ್ಲಂತೂ ನಮ್ಮ ದೇಶದ ಕಾನೂನು ಕಠಿಣವಾಗಿದೆ. ಅದನ್ನು ತಿದ್ದುವುದನ್ನು 2017ರ ನಿಯಮಗಳು ನಿಷೇಧಿಸಿದವು. 2023ರ ದೂರಸಂಪರ್ಕ ಕಾಯಿದೆ ಇಂತಹ ಗುರುತುಗಳನ್ನು ತಿದ್ದಿದವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೋ, 50 ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದೆನ್ನುತ್ತದೆ. ಆ ಕಟ್ಟಳೆ ಮೊಬೈಲಿನಂತಹ ಸಂಪರ್ಕಸಾಧನಗಳದು. ಆದರೆ ಕಂಪ್ಯೂಟರಿನ ಸಂಖ್ಯೆಯನ್ನು ಬದಲಿಸಿ ಮೋಸಮಾಡಿದವನು ವಂಚನೆಯ ಅಪರಾಧದಿಂದ ತಪ್ಪಿಸಿಕೊಳ್ಳಲಾರ.

ಸರಿಯಾದ ಮರುಬರಹಕ್ಕೂ ಕಳ್ಳಬರಹಕ್ಕೂ ಇರುವ ಗೆರೆ ಎಲ್ಲಿದೆ? ಕೈ ಮಾಡುವ ಕೆಲಸ ಎರಡರಲ್ಲಿಯೂ ಒಂದೇ. ಶಾಸನಗಳನ್ನು ಓದುವವರಿಗೆ ಈ ಪ್ರಶ್ನೆ ಹಳೆಯದು. ಇಲ್ಲದ ದತ್ತಿಯನ್ನು ಇದ್ದಂತೆ ತೋರಿಸಲು ಹಳೆಯ ರಾಜರ ಹೆಸರಿನಲ್ಲಿ ತಾಮ್ರಪಟಗಳನ್ನು ಸೃಷ್ಟಿಸಿದ ಉದಾಹರಣೆಗಳು ಕರ್ನಾಟಕದಲ್ಲಿಯೂ ಉಂಟು. ಗಂಗರ ಹೆಸರಿನಲ್ಲಿರುವ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ಸಾಧಿಸಹೊರಟಿದ್ದು ವಿದ್ವಾಂಸರಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಕಾಲಕ್ಕೆ ಹೊಂದದ ಲಿಪಿ, ತಿಥಿವಾರಗಳು ಕೂಡದ ಕಾಲನಿರ್ದೇಶ, ಇವು ಕೂಟವನ್ನು ಹಿಡಿದುಕೊಡುವ ಸುಳಿವುಗಳು. ರಾಜಶಾಸನವನ್ನು ಕೂಟವಾಗಿ ರಚಿಸಿದವನಿಗೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಮರಣದಂಡನೆಯನ್ನೇ ಹೇಳುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ತಾಮ್ರಪಟವನ್ನು ನೆನೆಯಬೇಕು. ಅದು ನಮ್ಮ ನಾಡಿನದಲ್ಲ. ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದ ನಿಧನಪುರವೆಂಬ ಹಳ್ಳಿಯಲ್ಲಿ 1912ರಲ್ಲಿ ದೊರೆತದ್ದು. ಬರೆಯಿಸಿದವನು ಏಳನೆಯ ಶತಮಾನದ ಕಾಮರೂಪದ ರಾಜ ಭಾಸ್ಕರವರ್ಮ, ಕನೌಜಿನ ಹರ್ಷವರ್ಧನನ ಮಿತ್ರ. ಅವನ ಪೂರ್ವಜನಾದ ಭೂತಿವರ್ಮ ಬ್ರಾಹ್ಮಣರಿಗೆ ಭೂಮಿಯನ್ನು ದಾನಮಾಡಿ ತಾಮ್ರಪಟವನ್ನು ಕೊಟ್ಟಿದ್ದ. ಆ ಪಟ ಬೆಂಕಿಯಲ್ಲಿ ಸುಟ್ಟುಹೋಯಿತು. ದಾನ ನಿಜ, ಭೂಮಿ ಇದೆ, ಅನುಭೋಗಿಸುವವರಿದ್ದಾರೆ. ಆದರೆ ಕೈಯಲ್ಲಿ ಪಟವಿಲ್ಲ. ನಮ್ಮ ತರುಣನ ಸ್ಥಿತಿಯೇ ಅವರದೂ ಆಗಿದ್ದಿತು. ಭಾಸ್ಕರವರ್ಮ ಹೊಸ ತಾಮ್ರದ ಮೇಲೆ ಹಳೆಯ ದಾನವನ್ನು ಮತ್ತೆ ಬರೆಯಿಸಿಕೊಟ್ಟ. ಅಷ್ಟೇ ಆಗಿದ್ದರೆ, ಲಿಪಿ ಹೊಸದಾಗಿರುವುದನ್ನು ಕಂಡು ಮುಂದೆ ಯಾರಾದರೂ ಇದನ್ನು ಕೂಟವೆನ್ನಬಹುದಾಗಿತ್ತು. ಅದನ್ನು ಮುಂಗಂಡು ಆ ಶಾಸನದ ಕೊನೆಯಲ್ಲಿ ಒಂದು ಮಾತನ್ನು ಸೇರಿಸಿದ್ದಾರೆ. ಮೊದಲಿನ ಪಟ ಸುಟ್ಟುಹೋದ ಮೇಲೆ ಬರೆದದ್ದಾದುದರಿಂದ ಈ ಅಕ್ಷರಗಳ ರೂಪ ಬೇರೆಯಾಗಿದೆ, ಆ ಕಾರಣಕ್ಕೆ ಇವನ್ನು ಕೂಟವೆಂದು ತಿಳಿಯಬಾರದು ಎಂಬುದು ಅದರ ಭಾವ.

ಒಂದು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಹೇಳಿದ ಆ ಮಾತಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದೆ. ಅಳಿದುದನ್ನು ಮತ್ತೆ ಬರೆಯುವುದು ತಪ್ಪಲ್ಲ. ಮತ್ತೆ ಬರೆದುದನ್ನು ಮುಚ್ಚಿಡುವುದು ತಪ್ಪು. ಎಂಜಿನ್ನು ಬದಲಾಯಿಸಿದ ಲಾರಿಯ ಮಾಲೀಕನು ಆರ್.ಟಿ.ಓ. ಕಚೇರಿಗೆ ಹೋಗಿ ಹೊಸ ಎಂಜಿನ್ ನಂಬರನ್ನು ಆರ್.ಸಿ.ಯಲ್ಲಿ ಬರೆಯಿಸಿಕೊಂಡರೆ ಲಾರಿ ಅದೇ ಲಾರಿಯಾಗಿ ಉಳಿಯುತ್ತದೆ. ಬರೆಯಿಸದೆ ಓಡಿಸಿದರೆ ತನಿಖೆಯ ದಿನ ತಾನೇ ಕಳ್ಳನಾಗಿ ನಿಲ್ಲಬೇಕಾಗುತ್ತದೆ. ಕಂಪ್ಯೂಟರಿಗೆ ಆರ್.ಸಿ. ಇಲ್ಲ. ಅದರ ಆರ್.ಸಿ.ಯನ್ನು ನಾವೇ ಬರೆದುಕೊಳ್ಳಬೇಕು.

ಆದ್ದರಿಂದ ಮನೆಯಲ್ಲೋ ಶಾಲೆಯಲ್ಲೋ ಕಂಪ್ಯೂಟರ್ ಇಟ್ಟುಕೊಂಡಿರುವವರಿಗೆ ನಾಲ್ಕು ಮಾತು. ಮೊದಲನೆಯದಾಗಿ, ಯಂತ್ರ ಚೆನ್ನಾಗಿರುವಾಗಲೇ ತಳದ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಿ. ಬಿಲ್ಲನ್ನೂ ಪೆಟ್ಟಿಗೆಯನ್ನೂ ಎಸೆಯಬೇಡಿ. ಎರಡನೆಯದಾಗಿ, ಇಂದಿನ ಅನೇಕ ಯಂತ್ರಗಳಲ್ಲಿ ಡಿಸ್ಕಿನ ಬರಹವೆಲ್ಲ ಬಿಟ್‌ಲಾಕರ್ ಎಂಬ ಬೀಗದೊಳಗೆ ಇರುತ್ತದೆ, ಕೆಲವೊಮ್ಮೆ ನಮಗೆ ಗೊತ್ತಿಲ್ಲದೆಯೇ. ಆ ಬೀಗದ ಕೈ ಇರುವುದು ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿ. ಹಲಗೆ ಹೋದರೆ ಕೈಯೂ ಹೋಯಿತು. ಆಗ ಯಂತ್ರ 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತದೆ, ಅದಿಲ್ಲದಿದ್ದರೆ ಬರೆದದ್ದೆಲ್ಲ ಇದ್ದೂ ಇಲ್ಲದಂತೆ. ಕ್ರಮಸಂಖ್ಯೆಯನ್ನು ಮರಳಿ ಬರೆದ ಮಾತ್ರಕ್ಕೆ ಈ ಬೀಗ ತೆರೆಯುವುದಿಲ್ಲ. ಆದುದರಿಂದ ಆ 48 ಅಂಕಿಗಳನ್ನು ಮೊದಲೇ ಕಾಗದದ ಮೇಲೆ ಬರೆದಿಡಬೇಕು, ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಬೇಕು. ಮೂರನೆಯದಾಗಿ, ಹಲಗೆ ಬದಲಾದ ಮೇಲೆ ವಿಂಡೋಸ್ ತನ್ನ ಪರವಾನಗಿಯನ್ನು ಗುರುತಿಸದೆ ಹೋಗಬಹುದು. ಅದನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಮುಂಚೆಯೇ ಜೋಡಿಸಿದ್ದರೆ, ಯಂತ್ರಾಂಶ ಬದಲಾಗಿದೆಯೆಂದು ತಿಳಿಸಿ ಮರಳಿ ಪಡೆಯುವ ದಾರಿ ಇದೆ. ನಾಲ್ಕನೆಯದಾಗಿ, ರಿಪೇರಿಯವರು ಎದುರಿಗಿರುವಾಗಲೇ ಬಯಾಸ್ ಪುಟವನ್ನು ತೆರೆಸಿ, ಪರದೆಯ ಸಂಖ್ಯೆಯೂ ಚೀಟಿಯ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿ, ರಸೀತಿಯಲ್ಲಿ ಹಳೆಯ ಹಲಗೆಯ ಮತ್ತು ಹೊಸ ಹಲಗೆಯ ಸಂಖ್ಯೆಗಳನ್ನು ಬರೆಯಿಸಿಕೊಳ್ಳಿ. ಪರದೆ ಬೆಳಗಿತೆಂದ ಮಾತ್ರಕ್ಕೆ ರಿಪೇರಿ ಮುಗಿದಂತಲ್ಲ.

ಎರಡನೆಯ ಮಾತನ್ನು ನಾನು ಕಲಿತದ್ದು ಆ ತರುಣನಿಂದಲೇ. ಹೊಸ ಹಲಗೆ ಹಾಕಿದ ದಿನ ನಮ್ಮ ಯಂತ್ರವೂ ಆ 48 ಅಂಕಿಗಳನ್ನು ಕೇಳಿತ್ತು. ಅದರಲ್ಲಿದ್ದುದು ಈ ಸುತ್ತಿನ ಹಳ್ಳಿಗಳ ಹಿರಿಯರಿಂದ ನಾವು ಕೇಳಿ ಬರೆದುಕೊಂಡ ಮಾತುಗಳ ಸಂಗ್ರಹ. ಜಲಾಶಯದಲ್ಲಿ ಮುಳುಗಿದ ಊರುಗಳ ಹೊಲಗಳ ಹೆಸರು, ಹಳ್ಳಗಳ ಹೆಸರು. ಹೇಳಿದವರಲ್ಲಿ ಕೆಲವರು ಈಗಿಲ್ಲ. ಅಂಕಿಗಳು ನನಗೆ ಗೊತ್ತಿರಲಿಲ್ಲ, ನಮ್ಮ ಸಮಿತಿಯ ಯಾರಿಗೂ ಗೊತ್ತಿರಲಿಲ್ಲ. ಅವನು ಯಂತ್ರಗಳು ಬಂದ ವಾರವೇ ಐದರ ಅಂಕಿಗಳನ್ನೂ ದಾಸ್ತಾನು ವಹಿಯ ಕೊನೆಯ ಪುಟದಲ್ಲಿ, ಆರಾರು ಅಂಕಿಗಳ ಎಂಟು ಗುಂಪುಗಳಾಗಿ, ದುಂಡಗೆ ಬರೆದಿಟ್ಟಿದ್ದ. ಅಂತಹವನ ಮೇಲೆ ಬಂದ ಆರೋಪ ಅದು.

ಪರಿಶೀಲಕರು ಮತ್ತೆ ಬಂದರು. ಬಿಲ್ಲು, ಪೆಟ್ಟಿಗೆ, ರಸೀತಿಗಳನ್ನು ನೋಡಿದರು. ಪೆನ್‌ಡ್ರೈವು ಐದು ಸಂಖ್ಯೆಗಳನ್ನೂ ಓದಿತು. ಸಜ್ಜನರಾದ ಅವರು ಹಿಂದಿನ ವರದಿಯ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರು. ನಮ್ಮ ವಹಿಯಲ್ಲಿ ನಾನು ಮಾಡಿದ್ದ ‘ಓ’ಕಾರದ ತಪ್ಪನ್ನು, ಮೂಲ ಕಾಣುವಂತೆ ಒಂದು ಗೆರೆಯೆಳೆದು ತಿದ್ದಿದೆ. ಅದರ ಕೆಳಗೆ ತರುಣನು ತನ್ನ ಅಕ್ಷರದಲ್ಲಿ ಹೀಗೆ ಬರೆದ: “ಏಪ್ರಿಲ್ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಬದಲಾಯಿಸಲಾಗಿದೆ. ಯಂತ್ರದ ಹಳೆಯ ನಂಬರನ್ನೇ ಹೊಸ ಬೋರ್ಡಿನಲ್ಲಿ ಬರೆಯಿಸಲಾಗಿದೆ. ಹೊಸ ಬೋರ್ಡಿನ ಸ್ವಂತ ನಂಬರು ಪಕ್ಕದಲ್ಲಿದೆ.” ನಿಧನಪುರದ ಹೆಸರನ್ನು ಅವನು ಕೇಳಿರಲಿಲ್ಲ.